ಮುಂಬಯಿಯ ಉಪಾಹಾರಗೃಹಗಳೂ ಕನ್ನಡಿಗರ ಸಂಘಜೀವನವೂ

ಪರಸ್ಥಳದಲ್ಲಿ ನೆಲೆಸಿದ ಜನರ ಚರಿತ್ರೆಯನ್ನು ಬರೆಯಹೊರಟವರು ಗುಡಿ, ಶಾಲೆ, ಸಂಘ, ಸಭಾಭವನ ಇವುಗಳಿಂದ ಆರಂಭಿಸುವುದು ವಾಡಿಕೆ. ಮುಂಬಯಿಯ ಕನ್ನಡಿಗರ ಚರಿತ್ರೆಯನ್ನು ತಿಳಿಯಬೇಕೆಂಬವರು ಮಾತ್ರ ಇನ್ನೊಂದು ಬಾಗಿಲಿನಿಂದ ಒಳಹೊಗಬೇಕಾಗುವುದು. ಅದು ಹೋಟೆಲಿನ ಬಾಗಿಲು. ಅದರಲ್ಲಿಯೂ ಗಿರಾಕಿಗಳು ಬರುವ ಮುಂಬಾಗಿಲಿಗಿಂತ, ಎಂಜಲು ಬಟ್ಟಲುಗಳನ್ನು ತೊಳೆಯುವ ಹಿಂಬಾಗಿಲೇ ನಮಗೆ ಹೆಚ್ಚಿನ ಸಂಗತಿಗಳನ್ನು ತಿಳಿಸಬಲ್ಲುದು.

ಹೊರಗೆ ಹೋಗಿ ಉಣ್ಣುವುದು ಇಂದು ನಮಗೆ ಒಂದು ಸಂತೋಷದ ವಿಷಯ. ವಾರದ ಕೊನೆಗೆ ಮನೆಮಂದಿಯೆಲ್ಲ ಹೋಟೆಲಿಗೆ ಹೋಗುವುದು, ಮಗುವಿನ ಹುಟ್ಟುಹಬ್ಬವನ್ನು ಅಲ್ಲಿಯೇ ಆಚರಿಸುವುದು, ಸಂಘದ ಸಭೆ ಮುಗಿದ ಮೇಲೆ ನಾಲ್ಕು ಜನ ಕೂಡಿ ಕಾಫಿ ಕುಡಿಯುವುದು, ಇವೆಲ್ಲ ಖಾರಘರದ ನಮ್ಮ ಬದುಕಿನಲ್ಲಿ ಸೇರಿಹೋಗಿವೆ. ಆದರೆ ಈ ಮಹಾನಗರದ ‘ಹೊರಗಿನ ಊಟ’ದ ಚರಿತ್ರೆಯಲ್ಲಿ ಕನ್ನಡಿಗರು ಮೊದಲು ಕಾಣಿಸಿಕೊಳ್ಳುವುದು ಉಂಡವರಾಗಿ ಅಲ್ಲ, ಬಡಿಸಿದವರಾಗಿ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಬಡಿಸಿದವರನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಏತಕ್ಕೆಂದರೆ ಇಂದು ನಾವು ಹೆಮ್ಮೆಪಡುವ ಸಂಘ, ಶಾಲೆ, ಪತ್ರಿಕೆ, ರಂಗಭೂಮಿ ಇವುಗಳ ಬೇರು ಬಹುಮಟ್ಟಿಗೆ ಆ ಅಡಿಗೆಮನೆಗಳಲ್ಲಿಯೇ ಇರುವುದು.

ನಮ್ಮ ಹಿರಿಯರಿಗೆ ಹೊರಗಿನ ಊಟವೆಂದರೆ ಅಂಜಿಕೆ ಇದ್ದಿತು. ಪರಾನ್ನ, ಮಡಿ, ಮೈಲಿಗೆ ಎಂಬ ಮಾತುಗಳು ಮನೆಮನೆಯಲ್ಲಿಯೂ ಬಳಕೆಯಲ್ಲಿದ್ದವು. ಪ್ರಯಾಣ ಹೊರಟವರು ನಂಟರ ಮನೆಯಲ್ಲಿ, ಛತ್ರದಲ್ಲಿ, ಮಠದಲ್ಲಿ ಉಣ್ಣುತ್ತಿದ್ದರು. ಇಲ್ಲವೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಹಣಕ್ಕೆ ಅನ್ನವನ್ನು ಮಾರುವುದಂತೂ ಅನ್ನವಿಕ್ರಯವೆಂಬ ದೋಷ. ಹೀಗಿದ್ದರೂ ಅನ್ನ ಮಾರುವ ವ್ಯವಸಾಯದಲ್ಲಿ ಭಾರತಖಂಡದಲ್ಲೆಲ್ಲ ಹೆಸರು ಪಡೆದದ್ದು ಒಂದು ದೇವಸ್ಥಾನದ ಊರು ಎಂಬುದು ವಿಚಿತ್ರವಾದರೂ ಅಕಾರಣವಲ್ಲ. ಉಡುಪಿಯ ಅಷ್ಟಮಠಗಳು ಎರಡು ವರ್ಷಕ್ಕೊಮ್ಮೆ ಪರ್ಯಾಯದಿಂದ ಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಪೂಜೆಯ ಜೊತೆಗೆ ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಅವರ ಮೇಲೆ ಬೀಳುತ್ತದೆ. ಸಾವಿರಾರು ಎಲೆಗಳಿಗೆ ಒಂದೇ ಹದದ ಸಾರು, ಹುಳಿ, ಪಲ್ಯ, ಪಾಯಸ ಮಾಡುವ ಕೈಗಳು ಆ ಊರಿನಲ್ಲಿ ತಲೆತಲಾಂತರದಿಂದ ತಯಾರಾಗಿದ್ದವು. ಕೆಲಸ ಹುಡುಕಿ ಊರು ಬಿಟ್ಟ ಬಡವನ ಕೈಯಲ್ಲಿ ಇದ್ದ ಬಂಡವಾಳ ಅದೊಂದೇ.

ಇತ್ತ ಮುಂಬಯಿಯಲ್ಲಿ ಆ ಬಂಡವಾಳಕ್ಕೆ ಬೇಡಿಕೆ ಕಾದಿದ್ದಿತು. ಬಂದರು, ರೈಲ್ವೆ, ಹತ್ತಿಯ ಗಿರಣಿಗಳು ಬೆಳೆದಂತೆ ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಒಂಟಿಯಾಗಿ ಬಂದ ಗಂಡಸರಿಂದ ಚಾಳುಗಳು ತುಂಬಿದವು. ಇವರಿಗೆ ಉಣ್ಣಲಿಕ್ಕೆ ಗಿರಗಾಂವ, ಲಾಲಬಾಗಗಳಲ್ಲಿ ಖಾನಾವಳಿಗಳು ಹುಟ್ಟಿದವು. ಮನೆಯ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ ಡಬ್ಬಾವಾಲಾಗಳ ಏರ್ಪಾಡು ೧೮೯೦ರ ಸುಮಾರಿನಿಂದ ಬೆಳೆಯಿತು. ಬೀದಿಯ ಮೂಲೆಗಳಲ್ಲಿ ಇರಾನಿಗಳ ಚಹದ ಅಂಗಡಿಗಳು ಎದ್ದವು; ೧೯೦೪ರಲ್ಲಿ ಆರಂಭವಾದ ಕಯಾನಿ ಇಂದಿಗೂ ನಡೆಯುತ್ತಿದೆ. ಗಿರಣಿ ಕೆಲಸಗಾರರಿಗೆ ಮನೆಯಲ್ಲೇ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸರ ಪಾಡನ್ನಂತೂ ಲೋಕವು ಬಹುಕಾಲ ಕಾಣಲೇ ಇಲ್ಲ. ೧೯೭೫ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದ ಬಳಿಕ ಅವರಿಗೊಂದು ಸಂಘಟನೆ ದೊರೆಯಿತು. ಇವೆಲ್ಲವುಗಳ ನಡುವೆ ಅಗ್ಗವಾದ, ಶುಚಿಯಾದ, ಸಸ್ಯಾಹಾರದ, ಬೇಗನೆ ದೊರೆಯುವ ತಿಂಡಿಗೆ ಒಂದು ಜಾಗ ತೆರವಾಗಿದ್ದಿತು. ಆ ಜಾಗದಲ್ಲಿ ನಮ್ಮವರು ನಿಂತರು.

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಎರಡು ಪ್ರವಾಹಗಳಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯವರಿಗೆ ೧೯೫೬ರ ತನಕ ಮುಂಬಯಿಯೇ ರಾಜಧಾನಿ. ಹೈಕೋರ್ಟು, ವಿಶ್ವವಿದ್ಯಾಲಯ, ಸಚಿವಾಲಯ ಎಲ್ಲವೂ ಇಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಕೂಡ ೧೯೪೯ರಲ್ಲಿ ಮುಂಬಯಿಯಲ್ಲಿಯೇ ಕಣ್ತೆರೆದು ಮರುವರ್ಷ ಧಾರವಾಡಕ್ಕೆ ಹೋಯಿತು. ಹೀಗೆ ಬಂದವರು ಓದಿದವರು, ಗುಮಾಸ್ತರು, ವಕೀಲರು. ದಕ್ಷಿಣ ಕನ್ನಡದವರ ಮಾತು ಬೇರೆ. ೧೮೬೨ರಲ್ಲಿ ಕೆನರಾ ಜಿಲ್ಲೆಯನ್ನು ಸೀಳಿ ಉತ್ತರಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟಾಗ ಮಂಗಳೂರು, ಉಡುಪಿ, ಕುಂದಾಪುರಗಳು ಮದರಾಸು ಪ್ರಾಂತದಲ್ಲಿಯೇ ಉಳಿದವು. ಸರ್ಕಾರದ ಲೆಕ್ಕದಲ್ಲಿ ಅವರಿಗೆ ಮುಂಬಯಿ ಪರಪ್ರಾಂತ. ಆದರೂ ಕಡಲು ಪ್ರಾಂತಭೇದವನ್ನು ಅರಿಯದಷ್ಟೆ! ಮಂಗಳೂರಿನಿಂದ ಹೊರಟ ಹಡಗು ಹಲವು ಬಂದರುಗಳನ್ನು ಮುಟ್ಟುತ್ತ ಮುಂಬಯಿಗೆ ಬರುತ್ತಿದ್ದಿತು. ಅದರ ಕೆಳಗಿನ ದರ್ಜೆಯಲ್ಲಿ ನಾಲ್ಕನೆಯ ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗರು ಬರುತ್ತಿದ್ದರು. ಓದಿದವರು ಹೋಟೆಲಿನ ಮೇಜಿನ ಒಂದು ಬದಿಗೆ ಕುಳಿತರು, ಈ ಹುಡುಗರು ಇನ್ನೊಂದು ಬದಿಗೆ ನಿಂತರು. ಎರಡೂ ಪ್ರವಾಹಗಳು ಕೂಡಿದ್ದು ಆ ಮೇಜಿನ ಬಳಿಯಲ್ಲಿ.

ಆ ಕಾಲಕ್ಕೆ ಕರಾವಳಿಯ ಕೈಗಳು ದಕ್ಷಿಣದ ಪಟ್ಟಣಗಳಲ್ಲೆಲ್ಲ ಒಲೆ ಹೂಡುತ್ತಿದ್ದವು. ಬೆಂಗಳೂರಿನಲ್ಲಿ ಮಯ್ಯ ಸಹೋದರರು ೧೯೨೪ರಲ್ಲಿ ಆರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಂ ಎಂದು ಪ್ರಸಿದ್ಧವಾಯಿತು. ಕಡಂದಲೆಯ ಬಡ ಮನೆಯಿಂದ ಹೊರಟ ಕೃಷ್ಣರಾಯರು ಮದರಾಸಿನಲ್ಲಿ ಅಡಿಗೆಮನೆಯ ಕೆಲಸದಿಂದ ಮೇಲೆ ಬಂದು ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯಲ್ಲಿ ಈ ವ್ಯವಸಾಯದ ತವರಾದದ್ದು ಮಾಟುಂಗಾ. ೧೮೯೬ರ ಪ್ಲೇಗಿನ ತರುವಾಯ ೧೮೯೮ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳನ್ನು ಎಬ್ಬಿಸಿತು. ದಕ್ಷಿಣದ ಗುಮಾಸ್ತರು ಅಲ್ಲಿ ಬಾಡಿಗೆಮನೆ ಹಿಡಿದರು. ಅವರ ಬೆನ್ನಿಗೇ ೧೯೩೬ರಲ್ಲಿ ಕೆಫೆ ಮೈಸೂರು, ೧೯೩೯ರಲ್ಲಿ ರಾಮ ಆಶ್ರಯ, ೧೯೪೦ರಲ್ಲಿ ಕೆಫೆ ಮದ್ರಾಸ್, ೧೯೪೨ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಒಂದಾದ ಮೇಲೊಂದು ತೆರೆದವು. ಮುಂಗಡವಾಗಿ ಚೀಟಿ ಕೊಂಡು, ಸರದಿ ಕಾದು, ಬಾಳೆಲೆಯ ಮುಂದೆ ಕುಳಿತು ಹೊಟ್ಟೆತುಂಬ ಉಣ್ಣುವ ಆ ಬೋರ್ಡಿಂಗಿನ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಸ್ವತಃ ಬಲ್ಲರು.

ಆ ವರ್ಷಗಳು ಸುಲಭದವಾಗಿರಲಿಲ್ಲ. ಯುದ್ಧವು ನಡೆದಿದ್ದಿತು, ೧೯೪೩ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಡಿತರ ಜಾರಿಗೆ ಬಂದಿತು. ಅಕ್ಕಿಯೇ ಇಲ್ಲದಾಗ ಇಡ್ಲಿಯನ್ನು ಯಾವುದರಿಂದ ಮಾಡುವುದು? ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಅಕ್ಕಿಯ ಆ ಬರಗಾಲದಲ್ಲಿಯೇ ರವೆ ಇಡ್ಲಿಯನ್ನು ಕಂಡುಹಿಡಿದುದಾಗಿ ಹೇಳುತ್ತಾರೆ. ಕೊರತೆಯಿಂದ ಹುಟ್ಟಿದ ತಿಂಡಿ ಇಂದು ಸಮೃದ್ಧಿಯ ಮೇಜಿನ ಮೇಲೆ ಕುಳಿತಿದೆ.

ಹೋಟೆಲಿನ ಒಳಗಿನ ಲೋಕವು ಒಂದು ಏಣಿಯಂತೆ ಇದ್ದಿತು. ಹೊಸದಾಗಿ ಬಂದ ಹುಡುಗ ಕಪ್ಪು ಬಸಿ ತೊಳೆಯಬೇಕು. ಆರು ತಿಂಗಳು ವರ್ಷ ಕಳೆದರೆ ಮೇಜು ಒರೆಸುವ ಕೆಲಸ. ಆಮೇಲೆ ಅಂಗಡಿ ಕಚೇರಿಗಳಿಗೆ ಚಹ ಕೊಂಡೊಯ್ಯುವುದು. ಅನಂತರ ಮಾಣಿಯಾಗಿ ಬಡಿಸುವುದು. ಕೈ ಚುರುಕಾದವನಿಗೆ ಒಲೆಯ ಬಳಿ ದೋಸೆಯ ಕಾವಲಿ, ಲೆಕ್ಕ ಬಲ್ಲವನಿಗೆ ಗಲ್ಲಾ. ಗಲ್ಲಾದ ಮೇಲೆ ಕುಳಿತವನು ನಾಲ್ಕಾರು ವರ್ಷ ಉಳಿಸಿ ಪಾಲುಗಾರನಾಗುವನು, ಇಲ್ಲವೆ ಬೇರೊಂದು ಬೀದಿಯಲ್ಲಿ ತನ್ನದೇ ಬೋರ್ಡು ತೂಗುಹಾಕುವನು. ಮಲಗುವುದು ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ. ಏಳುವುದು ಹಾಲಿನವನು ಬರುವ ಮೊದಲು. ಊಟ ವಸತಿ ಹೋಟೆಲಿನದೇ ಆದುದರಿಂದ ಸಂಬಳ ಎಷ್ಟು ಅಲ್ಪವಿದ್ದರೂ ಊರಿಗೆ ಮನಿಯಾರ್ಡರು ಹೋಗುತ್ತಿದ್ದಿತು. ಎಲ್ಲರೂ ಏಣಿಯನ್ನು ಹತ್ತಿದರೆಂದು ಹೇಳಿದರೆ ಸುಳ್ಳಾದೀತು. ಮೊದಲನೆಯ ಮೆಟ್ಟಲಿನಲ್ಲಿಯೇ ಆಯುಷ್ಯ ಸವೆಸಿದವರು, ಬೇನೆ ಬಿದ್ದು ಊರಿಗೆ ಮರಳಿದವರು ಬಹಳ ಮಂದಿ. ಧಣಿಯು ನಂಟನೇ ಆಗಿದ್ದರಿಂದ ಕೂಲಿಯ ಮಾತೆತ್ತಲು ಸಂಕೋಚಪಟ್ಟವರೂ ಕಡಿಮೆಯಲ್ಲ. ಗೆದ್ದವರ ಭಾವಚಿತ್ರಗಳು ಗೋಡೆಯ ಮೇಲೆ ಇವೆ, ಇವರದು ಇಲ್ಲ.

ಇದೇ ಹೋಟೆಲು ನಮ್ಮ ಸಮಾಜದ ಇನ್ನೊಂದು ಗಂಟನ್ನೂ ಸಡಿಲಿಸಿತು. ಮೊದಲಿನ ಕಾಫಿ ಕ್ಲಬ್ಬುಗಳ ಹೆಸರಿನಲ್ಲಿಯೇ ‘ಬ್ರಾಹ್ಮಣ’ ಎಂಬ ಮಾತು ಇರುತ್ತಿದ್ದಿತು. ಮಯ್ಯರ ಕ್ಲಬ್ಬಿಗೂ ಇದ್ದುದು ಅದೇ ಹೆಸರು. ಅಡಿಗೆಯವನ ಜಾತಿಯನ್ನು ಸೂಚಿಸಿ ಗಿರಾಕಿಗೆ ಧೈರ್ಯ ಹೇಳುವುದು ಒಂದು ಉದ್ದೇಶವಾದರೆ, ಪಂಕ್ತಿಯನ್ನು ಬೇರ್ಪಡಿಸುವುದು ಮತ್ತೊಂದು. ಮದರಾಸು ಕಡೆಯ ರೈಲ್ವೆ ನಿಲ್ದಾಣಗಳ ಭೋಜನಶಾಲೆಗಳಲ್ಲಿ ಕೂಡ ಬ್ರಾಹ್ಮಣರಿಗೆ ಬೇರೆ ಜಾಗವಿದ್ದು, ಅದು ೧೯೪೧ರಲ್ಲಿ ಚಳವಳಿಯ ಫಲವಾಗಿ ರದ್ದಾಯಿತು. ಮುಂಬಯಿಯ ಗಡಿಬಿಡಿಯಲ್ಲಿ ಈ ಭೇದ ಬಹುಕಾಲ ಬಾಳುವಂತಿರಲಿಲ್ಲ. ಎಂಟೂವರೆಯ ಲೋಕಲ್ ಹಿಡಿಯಬೇಕಾದವನು ಪಕ್ಕದಲ್ಲಿ ಕುಳಿತವನ ಗೋತ್ರವನ್ನು ಕೇಳುತ್ತ ಕೂಡಲಾರನು. ವ್ಯವಸಾಯವೂ ಶಿವಳ್ಳಿಯವರಿಂದ ಸಾರಸ್ವತರಿಗೆ, ಬಂಟರಿಗೆ, ಬಿಲ್ಲವರಿಗೆ, ಇತರರಿಗೆ ಹರಡಿತು. ಬೋರ್ಡಿನ ಮೇಲೆ ‘ಉಡುಪಿ’ ಎಂಬ ಹೆಸರು ಉಳಿಯಿತು, ಜಾತಿಯ ಹೆಸರು ಅಳಿಯಿತು. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ನಮ್ಮ ರಾಜ್ಯಾಂಗವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿದೆ. ದೇಶದ ಮೂಲ ಶಾಸನವು ಹೋಟೆಲಿನ ಹೆಸರೆತ್ತುವಷ್ಟು ದೊಡ್ಡ ಪ್ರಶ್ನೆ ಅದಾಗಿದ್ದಿತೆಂಬುದನ್ನು ಇಂದಿನ ಎಳೆಯರು ತಿಳಿದಿರಬೇಕು.

ಇನ್ನು ರಾತ್ರಿ ಶಾಲೆಗಳ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಮುಂಬಯಿ ಕನ್ನಡಿಗರ ಅತ್ಯಂತ ದೊಡ್ಡ ಸಾಧನೆ ಇದೇ. ಸಂಘಟಿತ ಕೆಲಸದಲ್ಲಿ ಮೊಗವೀರರು ಎಲ್ಲರಿಗಿಂತ ಮುಂದೆ. ೧೯೦೨ರಲ್ಲಿಯೇ ಅವರ ವ್ಯವಸ್ಥಾಪಕ ಮಂಡಳಿ ಸ್ಥಾಪಿತವಾಗಿ, ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಯನ್ನು ನಡೆಸಿತು. ಬಿಲ್ಲವರ ಅಸೋಸಿಯೇಷನ್ ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿತು. ಕೋಟೆಯ ಪ್ರದೇಶದಲ್ಲಿ, ಅಂದರೆ ಫೋರ್ಟಿನಲ್ಲಿ, ಕಚೇರಿ ಹೋಟೆಲುಗಳ ನಡುವೆಯೇ ಕನ್ನಡದ ರಾತ್ರಿ ಪ್ರೌಢಶಾಲೆ ನಡೆಯಿತು. ಹಗಲಿನಲ್ಲಿ ಇಡ್ಲಿ ಬಡಿಸಿದ ಕೈ ರಾತ್ರಿ ಬಳಪ ಹಿಡಿಯಿತು. ಹೀಗೆ ಕಲಿತವರು ಬ್ಯಾಂಕುಗಳಿಗೆ ಹೋದರು, ವಕೀಲರಾದರು, ಶಿಕ್ಷಕರಾದರು, ಬರಹಗಾರರಾದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಶಾಲೆಯ ಗಂಟೆ ಹೊಡೆಯುವುದು ಸಂಜೆಗೆ, ಕಚೇರಿಗಳು ಬಿಟ್ಟ ಮೇಲೆ. ಹೋಟೆಲಿಗೆ ಗಿರಾಕಿ ಮುತ್ತುವುದೂ ಅದೇ ಹೊತ್ತಿಗೆ. ಹುಡುಗನನ್ನು ಆಗ ಶಾಲೆಗೆ ಬಿಟ್ಟುಕೊಟ್ಟ ಧಣಿಯು ಸಭೆಯಲ್ಲಿ ಹಾರ ಹಾಕಿಸಿಕೊಂಡು ಕೊಟ್ಟ ದೇಣಿಗೆಗಿಂತ ಹೆಚ್ಚಿನದನ್ನು ದಿನದಿನವೂ ಕೊಟ್ಟನು. ಬಿಡದ ಧಣಿಗಳೂ ಇದ್ದರು. ಅಂತಹರ ಹುಡುಗರು ಶಾಲೆಯಿರುವ ಬೀದಿಯ ಬೇರೆ ಹೋಟೆಲನ್ನು ಹುಡುಕಿಕೊಂಡು ಹೋದರು. ಸಂಬಳ ಎರಡು ರೂಪಾಯಿ ಕಡಿಮೆಯಾದರೂ ಚಿಂತೆಯಿಲ್ಲ, ಶಾಲೆಗೆ ಬಿಡಬೇಕು ಎಂಬುದು ಅವರ ಕರಾರು. ವಿದ್ಯೆಯ ಹಸಿವು ಹೊಟ್ಟೆಯ ಹಸಿವಿನ ಮನೆಯಲ್ಲಿಯೇ ಬೆಳೆದುದು ಹೀಗೆ.

ಸಂಘಗಳು ಬೆಳೆದುದೂ ಇದೇ ಮಣ್ಣಿನಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ ೧೯೨೬ರದು. ಬಂಟರ ಸಂಘ ೧೯೨೭ರದು. ಬಿಲ್ಲವರ ಅಸೋಸಿಯೇಷನ್ ೧೯೩೨ರದು. ಮುಂಬಯಿ ಕರ್ನಾಟಕ ಸಂಘ ೧೯೩೩ರದು. ವಡಾಳೆಯ ನ್ಯಾಷನಲ್ ಕನ್ನಡ ಎಜ್ಯುಕೇಷನ್ ಸೊಸೈಟಿ ೧೯೩೯ರಲ್ಲಿ ಆರಂಭವಾಯಿತು. ಹೀಗೆ ಹದಿಮೂರು ವರ್ಷಗಳ ಅವಧಿಯಲ್ಲಿ ಇಷ್ಟು ಸಂಸ್ಥೆಗಳು ಎದ್ದುವು. ಮಾಟುಂಗಾದ ಹೆಸರಾಂತ ಹೋಟೆಲುಗಳು ಎದ್ದುದೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ. ಒಂದು ಮತ್ತೊಂದನ್ನು ಹುಟ್ಟಿಸಿತೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮತ್ತೊಂದಕ್ಕೆ ನೆರಳಾಯಿತು. ಸ್ವಂತ ಭವನವಿಲ್ಲದ ಸಂಘಕ್ಕೆ ಹೋಟೆಲಿನ ಮೂಲೆಯ ಮೇಜೇ ಕಚೇರಿ. ಊರಿನಿಂದ ಬಂದ ಕಾಗದಕ್ಕೆ ಹೋಟೆಲಿನ ವಿಳಾಸ. ಹೊಸದಾಗಿ ಬಂದವನಿಗೆ ಕೋಣೆ ಎಲ್ಲಿ, ಕೆಲಸ ಎಲ್ಲಿ ಎಂದು ತಿಳಿಯುತ್ತಿದ್ದುದು ಗಲ್ಲಾದ ಬಳಿ. ನಾಟಕದ ಟಿಕೆಟು ಮಾರುತ್ತಿದ್ದುದೂ ಅಲ್ಲಿಯೇ. ೧೯೫೧ರಲ್ಲಿ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಈ ನಗರದಲ್ಲಿ ಜರುಗಿತು. ಅಂತಹ ದೊಡ್ಡ ಕಾರ್ಯಗಳಿಂದ ಹಿಡಿದು ಚಿಕ್ಕ ಸಂಘದ ವಾರ್ಷಿಕೋತ್ಸವದ ತನಕ, ಮುಂಬಯಿಯ ಕನ್ನಡ ಸ್ಮರಣಸಂಚಿಕೆಗಳ ಕೊನೆಯ ಪುಟಗಳನ್ನು ತಿರುವಿ ನೋಡಿದರೆ ಜಾಹೀರಾತುಗಳಲ್ಲಿ ಹೋಟೆಲುಗಳ ಹೆಸರು ತಪ್ಪದೆ ಕಾಣುವುದು. ಸಾಹಿತ್ಯಕ್ಕೆ ಕಾಗದವನ್ನು ಒದಗಿಸಿದುದು ದೋಸೆ.

ಮನರಂಜನೆಯೂ ಹೋಟೆಲಿನ ಗಡಿಯಾರವನ್ನು ಅನುಸರಿಸಿತು. ಕೊನೆಯ ಗಿರಾಕಿ ಎದ್ದು, ನೆಲ ತೊಳೆದು, ಬಾಗಿಲೆಳೆಯುವಾಗ ರಾತ್ರಿ ಹತ್ತು ಹನ್ನೊಂದಾಗುತ್ತಿದ್ದಿತು. ಆ ಹೊತ್ತಿಗೆ ಬಿಡುವಾದವರಿಗೆ ಬೆಳಗಿನ ತನಕ ನಡೆಯುವ ಯಕ್ಷಗಾನಕ್ಕಿಂತ ಅನುಕೂಲವಾದ ಆಟ ಇನ್ನಾವುದು? ಚೆಂಡೆಯ ಸದ್ದು ಕೇಳಿ ಊರನ್ನು ನೆನೆದು, ಬೆಳಗಿನ ಜಾವಕ್ಕೆ ನೇರವಾಗಿ ಒಲೆ ಹೊತ್ತಿಸಲು ಹೋದವರು ಉಂಟು. ಗಣೇಶೋತ್ಸವ, ನವರಾತ್ರಿ, ತಾಳಮದ್ದಳೆ, ಭಜನೆ ಇವೂ ಹಾಗೆಯೇ. ಗೌಡ ಸಾರಸ್ವತರು ೧೯೫೫ರಿಂದ ಕಿಂಗ್ಸ್ ಸರ್ಕಲಿನಲ್ಲಿ ನಡೆಸುತ್ತ ಬಂದಿರುವ ಗಣಪತಿಯ ಉತ್ಸವದ ಅನ್ನಸಂತರ್ಪಣೆಯನ್ನು ನೋಡಿದವರಿಗೆ, ದೊಡ್ಡ ನಗರದ ನಡುವೆಯೂ ಪಂಕ್ತಿಯ ಊಟವು ಜನರನ್ನು ಹೇಗೆ ಒಂದುಗೂಡಿಸುವುದೆಂದು ಬೇರೆ ಹೇಳಬೇಕಾಗಿಲ್ಲ.

ಕಹಿಯ ದಿನಗಳೂ ಬಂದವು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರ ರಾಜ್ಯವಾಯಿತು. ನಾಡು ಒಂದಾದ ಸಂತೋಷದ ಬೆನ್ನಿಗೇ ಮುಂಬಯಿಯ ಕನ್ನಡಿಗನು ಪರರಾಜ್ಯದವನಾದನು. ೧೯೬೬ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯಲ್ಲಿ ಉಡುಪಿ ಹೋಟೆಲುಗಳು ಕಣ್ಣಿಗೆ ಬೀಳುವ ಗುರಿಯಾದವು; ೧೯೬೯ರ ಫೆಬ್ರುವರಿಯಲ್ಲಿ ಗಡಿಯ ಪ್ರಶ್ನೆಗಾಗಿ ನಗರದಲ್ಲಿ ದೊಡ್ಡ ಗಲಭೆಯಾಯಿತು. ಆ ಕಾಲದ ನೋವನ್ನು ಇಲ್ಲಿ ಕೆದಕುವುದು ನಮ್ಮ ಉದ್ದೇಶವಲ್ಲ. ನಮಗೆ ಮುಖ್ಯವಾಗಿ ತೋರುವುದು ಅದರ ಮುಂದಿನ ಮಾತು. ಗಾಜು ಒಡೆದ ಹೋಟೆಲು ಮತ್ತೆ ತೆರೆಯಿತು, ಮರಾಠಿ ನೆರೆಯವರೇ ಮತ್ತೆ ಅದರ ಗಿರಾಕಿಗಳಾದರು. ಹೋಟೆಲಿನವನು ಮರಾಠಿಯನ್ನು ಮನೆಮಾತಿನಷ್ಟೇ ಸರಾಗವಾಗಿ ಕಲಿತನು. ಅವನ ತಟ್ಟೆಯಲ್ಲಿ ಇಡ್ಲಿಯ ಪಕ್ಕದಲ್ಲಿ ಬಟಾಟೆವಡೆ, ಮಿಸಳ, ಸಾಬೂದಾಣೆ ಖಿಚಡಿಗಳು ಬಂದು ಕುಳಿತವು. ಮರಾಠಿ ಮನೆಗಳಲ್ಲಿ ದೋಸೆಯ ಕಾವಲಿ ಏರಿತು. ಸೌಹಾರ್ದದ ಮೇಲೆ ಭಾಷಣ ಮಾಡುವವರಿಗಿಂತ ಸಾಂಬಾರು ಬಡಿಸಿದವರು ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದ್ದಾರೆ.

ಎಪ್ಪತ್ತರ ದಶಕದಲ್ಲಿ ಇನ್ನೊಂದು ಅಲೆ ಬಂದಿತು. ಕರ್ನಾಟಕದಲ್ಲಿ ೧೯೭೪ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಗೇಣಿಯನ್ನೇ ನಂಬಿದ್ದ ಕರಾವಳಿಯ ಅನೇಕ ಮನೆತನಗಳ ಮಕ್ಕಳು ಮುಂಬಯಿಯ ಹಾದಿ ಹಿಡಿದರು. ನಗರದ ನಾಲಿಗೆಯೂ ಬದಲಾಗುತ್ತಿದ್ದಿತು. ೧೯೪೯ರ ಪಾನನಿರೋಧ ಕಾಯಿದೆಯ ಬಿಗಿ ಸಡಿಲವಾದಂತೆ ‘ಪರ್ಮಿಟ್ ರೂಂ’ಗಳು ತೆರೆದವು. ಪಂಜಾಬಿ, ಚೀನೀ ತಿನಿಸುಗಳು ಉಡುಪಿ ಹೋಟೆಲಿನ ಪಟ್ಟಿಯನ್ನು ಸೇರಿದವು. ಹಳಬರು ಮೂಗು ಮುರಿದರು. ಆದರೆ ಬಾಡಿಗೆ ಕಟ್ಟಬೇಕಾದವನು ಗಿರಾಕಿಯ ರುಚಿಯನ್ನು ಕೇಳದೆ ಇರಲಾರ.

ನಮ್ಮ ಊರಿನ ಕಥೆ ಇಲ್ಲಿಂದ ಆರಂಭವಾಗುತ್ತದೆ. ೧೯೭೦ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಖಾಡಿಯ ಈಚೆಗೆ ನವಿ ಮುಂಬಯಿಯ ನಕ್ಷೆ ಬರೆಯಲ್ಪಟ್ಟಿತು. ೧೯೭೩ರಲ್ಲಿ ವಾಶಿಯ ಸೇತುವೆ, ೧೯೯೨ರಲ್ಲಿ ವಾಶಿಯ ತನಕ ಲೋಕಲ್ ರೈಲು ಬಂದವು. ಸಗಟು ಪೇಟೆಗಳು ಹಳೆಯ ಮುಂಬಯಿಯಿಂದ ವಾಶಿಗೆ ಬಂದಾಗ, ಅವುಗಳ ಹಮಾಲರಿಗೂ ಲಾರಿಯವರಿಗೂ ಅನ್ನ ಚಹ ಒದಗಿಸಲು ನಮ್ಮ ಹೋಟೆಲಿನವರೂ ಖಾಡಿ ದಾಟಿದರು. ೧೯೯೮ರ ಜನವರಿ ೨೬ರಂದು ಕೊಂಕಣ ರೈಲು ಸಂಪೂರ್ಣವಾಗಿ ಆರಂಭವಾದ ಮೇಲಂತೂ ಮಂಗಳೂರು ಉಡುಪಿಗಳಿಂದ ರೈಲು ಹತ್ತಿದವರು ಪನವೇಲಿನಲ್ಲಿ ಇಳಿದರೆ ನಮ್ಮ ಮನೆ ಕೂಗಳತೆಯ ದೂರ. ಹಡಗಿನ ಕೆಳದರ್ಜೆಯಲ್ಲಿ ಬಂದವರ ಮೊಮ್ಮಕ್ಕಳು ಹೀಗೆ ರೈಲಿನಲ್ಲಿ ಬಂದು, ೨೦೧೬ರಿಂದ ಪನವೇಲು ಮಹಾನಗರಪಾಲಿಕೆಗೆ ಸೇರಿದ, ೨೦೨೩ರ ನವೆಂಬರಿನಿಂದ ಮೆಟ್ರೊ ಓಡುತ್ತಿರುವ ಖಾರಘರದಲ್ಲಿ ಮನೆ ಮಾಡಿಕೊಂಡಿದ್ದಾರೆ.

ಇಲ್ಲಿ ಹೋಟೆಲುಗಳಿಗೆ ಬರಗಾಲವಿಲ್ಲ. ಉತ್ಸವ ಚೌಕದ ಸುತ್ತಿನಲ್ಲಿ ಭಾನುವಾರದ ಸಂಜೆ ನಿಲ್ಲಲು ಜಾಗ ಸಿಗದು. ಆದರೆ ಖಾರಘರದಲ್ಲಿ ಹೊರಗೆ ಉಣ್ಣುವವರೆಲ್ಲರೂ ಸಂತೋಷಕ್ಕಾಗಿ ಉಣ್ಣುವವರಲ್ಲ. ಟಾಟಾ ಸ್ಮಾರಕದ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನ ಕೇಂದ್ರವು ೨೦೦೨ರಿಂದ ನಮ್ಮಲ್ಲಿದೆ. ದೂರದೂರಿನಿಂದ ರೋಗಿಯನ್ನು ಕರೆತಂದು, ವಾರಗಟ್ಟಲೆ ಬಾಡಿಗೆ ಕೋಣೆಯಲ್ಲಿ ಕಾದು, ಎರಡು ಇಡ್ಲಿಯನ್ನು ಕಟ್ಟಿಸಿಕೊಂಡು ಹೋಗುವವರನ್ನು ನಾವು ಕಾಣುತ್ತೇವೆ. ನೂರು ವರ್ಷಗಳ ಹಿಂದೆ ಚಾಳಿನ ಒಂಟಿ ಗಂಡಸಿಗೆ ಹೋಟೆಲು ಏನಾಗಿದ್ದಿತೋ, ಇವರಿಗೆ ಇಂದಿಗೂ ಅದೇ ಆಗಿದೆ: ಪರವೂರಿನಲ್ಲಿ ಕೈಗೆಟಕುವ ಅನ್ನ.

ಬದಲಾದುದು ಯಾವುದು ಎಂದು ಕೇಳಿದರೆ, ಬಡಿಸುವ ಕೈ ಎಂದು ನಾವು ಉತ್ತರ ಹೇಳುತ್ತೇವೆ. ಗಲ್ಲಾದಲ್ಲಿ ಇನ್ನೂ ತುಳು ಕನ್ನಡಗಳು ಕೇಳಿಸುವುದುಂಟು. ಮೇಜಿನ ಬಳಿ ಬಂದು ನೀರಿಡುವ ಹುಡು‌ಗನ ಊರು ಮಾತ್ರ ಕಾರ್ಕಳವೂ ಅಲ್ಲ, ಕುಂದಾಪುರವೂ ಅಲ್ಲ. ಅದು ಉತ್ತರ ಪ್ರದೇಶದಲ್ಲೋ, ಒಡಿಶಾದಲ್ಲೋ, ಬಂಗಾಳದಲ್ಲೋ, ನೇಪಾಳದಲ್ಲೋ ಇರುವುದು. ನಮ್ಮ ಮಕ್ಕಳು ಕಪ್ಪು ಬಸಿ ತೊಳೆಯುವ ಕಾಲ ಮುಗಿಯಿತು. ಅದು ಸಂತೋಷದ ಸಂಗತಿ, ನಮ್ಮ ಹಿರಿಯರು ಬೇಡಿಕೊಂಡುದೂ ಅದನ್ನೇ. ಆದರೆ ಏಣಿಯ ಕೆಳಗಿನ ಮೆಟ್ಟಲು ತೆರವಾಗಿಲ್ಲ; ಅಲ್ಲಿ ಬೇರೆ ತಾಯಿಯ ಮಕ್ಕಳು ನಿಂತಿದ್ದಾರೆ. ಅವರಿಗೆ ಮೊಗವೀರರ ಮಂಡಳಿ ಇಲ್ಲ, ಬಿಲ್ಲವರ ಅಸೋಸಿಯೇಷನ್ ಇಲ್ಲ. ನಮ್ಮ ರಾತ್ರಿ ಶಾಲೆಗಳಲ್ಲಿಯೂ ಕನ್ನಡದ ಮಕ್ಕಳಿಲ್ಲದೆ ಹಲವು ಬಾಗಿಲು ಮುಚ್ಚಿದವು.

ಸಂಘದ ಊಟದಲ್ಲಿಯೂ ಇದೇ ಬದಲಾವಣೆಯನ್ನು ಕಾಣಬಹುದು. ಮೊದಲು ಸಭೆಯಾದ ಬಳಿಕ ಪಂಕ್ತಿ ಹಾಕಿದರೆ ಬಡಿಸುತ್ತಿದ್ದವರು ಸಂಘದ ತರುಣರೇ. ವಕೀಲರ ಎಲೆಗೆ ಹೋಟೆಲಿನ ಮಾಣಿ, ಹೋಟೆಲಿನ ಮಾಣಿಯ ಎಲೆಗೆ ವಕೀಲರು ಅನ್ನವಿಕ್ಕಿದರು. ಬಾಗಿ ಬಡಿಸುವವನಿಗೆ ಉಣ್ಣುವವನ ಹೆಸರು ತಿಳಿಯುತ್ತಿದ್ದಿತು. ಈಗ ಗುತ್ತಿಗೆದಾರರು ಬರುತ್ತಾರೆ. ಉದ್ದನೆಯ ಮೇಜಿನ ಮೇಲೆ ಪಾತ್ರೆಗಳನ್ನು ಸಾಲಾಗಿ ಇಡುತ್ತಾರೆ. ನಾವು ತಟ್ಟೆ ಹಿಡಿದು ಸಾಲು ನಿಲ್ಲುತ್ತೇವೆ. ಇದರಿಂದ ಶ್ರಮ ಉಳಿಯುವುದು ನಿಜ, ವೇಳೆಯೂ ಉಳಿಯುವುದು. ಆದರೆ ಟೋಪಿ ತೊಟ್ಟು ಪಾತ್ರೆಯ ಹಿಂದೆ ನಿಂತ ಹುಡುಗನು ಉಂಡನೋ ಇಲ್ಲವೋ ಎಂದು ಕೇಳುವವರು ಯಾರು?

ಚರಿತ್ರೆಯನ್ನು ಓದಿ ಅಹುದೆಂದು ತಲೆದೂಗಿದ ಮಾತ್ರಕ್ಕೆ ಪ್ರಯೋಜನವಿಲ್ಲವಾದುದರಿಂದ ಎರಡು ಸೂಚನೆಗಳನ್ನು ಸದಸ್ಯ ಬಾಂಧವರ ಮುಂದೆ ಇಡಬಯಸುತ್ತೇವೆ. ಮೊದಲನೆಯದು, ವರ್ಷಕ್ಕೊಮ್ಮೆಯಾದರೂ, ರಾಜ್ಯೋತ್ಸವದ ದಿನ, ನಮ್ಮ ಸಂಘದಲ್ಲಿ ಪಂಕ್ತಿಯ ಊಟವೇ ಆಗಲಿ. ನಮ್ಮ ಮಕ್ಕಳೇ ಬಡಿಸಲಿ. ಆ ದಿನ ಅಡಿಗೆಯವರೂ ಪಾತ್ರೆ ತೊಳೆಯುವವರೂ ನಮ್ಮೊಡನೆ ಪಂಕ್ತಿಯಲ್ಲಿ ಕೂಡಲಿ. ಎರಡನೆಯದು ಕಷ್ಟದ್ದು, ಆದರೆ ಹೆಚ್ಚಿನದು. ನಿವೃತ್ತರಾದ ಶಿಕ್ಷಕರೂ ಬ್ಯಾಂಕಿನವರೂ ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ವಾರಕ್ಕೆ ಎರಡು ದಿನ, ಹೋಟೆಲಿಗೆ ಬಿಡುವಾಗುವ ಮಧ್ಯಾಹ್ನ ಮೂರರಿಂದ ಐದರ ತನಕ, ಈ ಹುಡುಗರಿಗೆ ಓದುಬರಹ, ಲೆಕ್ಕ, ಬ್ಯಾಂಕಿನ ಖಾತೆ ನಡೆಸುವ ಬಗೆ ಇವನ್ನು ಕಲಿಸಬಾರದೇಕೆ? ಕಲಿಸುವುದು ಹಿಂದಿಯಲ್ಲಾಗಲಿ, ಮರಾಠಿಯಲ್ಲಾಗಲಿ. ಕನ್ನಡ ಸಂಘವು ಹಿಂದಿಯಲ್ಲಿ ಕಲಿಸುವುದೆಂತು ಎಂದು ಕೆಲವರು ಕೇಳಬಹುದು. ಮರಾಠಿ ಮಾತಿನ ನಗರವು ಕನ್ನಡದ ಹುಡುಗರ ರಾತ್ರಿ ಶಾಲೆಗಳಿಗೆ ಜಾಗ ಕೊಟ್ಟಿತೆಂಬುದೇ ಅದಕ್ಕೆ ಉತ್ತರ. ಪಡೆದ ಸಾಲವನ್ನು ಕೊಟ್ಟವರಿಗೇ ತೀರಿಸಬೇಕೆಂದೇನೂ ಇಲ್ಲ. ಅವಶ್ಯವುಳ್ಳವರಿಗೆ ಮುಟ್ಟಿಸಿದರೂ ಸಲ್ಲುವುದು.

ಕನ್ನಡ ಎಂಬುದು ಬರಿಯ ಧ್ವಜವಲ್ಲ, ಹಾಡಲ್ಲ. ಕನ್ನಡಿಗರು ಲೋಕದಲ್ಲಿ ನಡೆದುಕೊಂಡ ರೀತಿಯೂ ಅದರಲ್ಲಿ ಸೇರಿರುವುದು. ಈ ನಗರದಲ್ಲಿ ನಮ್ಮವರು ಹಸಿದವನಿಗೆ ಅನ್ನ ಕೊಟ್ಟು, ದುಡಿದವನಿಗೆ ಅಕ್ಷರ ಕೊಟ್ಟು ಹೆಸರು ಗಳಿಸಿದರು. ಅನ್ನದ ಕೆಲಸವು ಇನ್ನೂ ಚೆನ್ನಾಗಿ ನಡೆದಿದೆ. ಅಕ್ಷರದ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವವರು ತಮ್ಮ ಹೆಸರುಗಳನ್ನು ಸಂಘದ ಕಾರ್ಯದರ್ಶಿಗಳಲ್ಲಿ ಬರೆಯಿಸಬೇಕೆಂದು ಕೋರುತ್ತೇವೆ.